ಆರ್ಡರ್ ಬಂದ ಮೇಲೆ ಕ್ರೋಶಾ ಬೇಸರವಾಗಿದೆ

ಪ್ರಶ್ನೆ: ನನಗೆ 57 ವರ್ಷ. ಕೆಜಿಎಫ್‌ನ ಆಂಡರ್ಸನ್‌ಪೇಟೆಯಲ್ಲಿದ್ದೇವೆ. ಶಾಲೆಯಲ್ಲಿ ಕಲಿತ ಕ್ರೋಶಾ, ಉಲ್ಲನ್ ಹೆಣಿಗೆ ಅಂದರೆ ನನಗೆ ಪ್ರಾಣ. ಗಣಿ ಮುಚ್ಚಿ ಯಜಮಾನರ ಕೆಲಸ ಹೋದ ದಿನಗಳಲ್ಲೂ ಕಡ್ಡಿ ಕೈಬಿಟ್ಟವಳಲ್ಲ. ಮಗಳು ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಾಳೆ. ಹೋದ ವರ್ಷ ಅವಳು ನಾನು ಹಾಕಿದ ಮಗುವಿನ ಟೋಪಿಗಳ ಫೋಟೊ ತೆಗೆದು ಮೊಬೈಲಿನಲ್ಲಿ ಹಾಕಿದಳು, ಆರ್ಡರ್ ಬಂದವು. ಮೊದಮೊದಲು ಹಿಗ್ಗಿದೆ. ಈಗ ಕಡ್ಡಿ ಮುಟ್ಟಲೂ ಮನಸ್ಸಿಲ್ಲ. ಕೆಲವರು ಅಂಗಡಿಯಲ್ಲಿ ಇನ್ನೂ ಅಗ್ಗ ಅನ್ನುತ್ತಾರೆ. ಬೇಡ ಅಂದರೆ ಮಗಳಿಗೆ ಬೇಜಾರು, ಬರುವ ನಾಲ್ಕು ಕಾಸೂ ನಿಲ್ಲುತ್ತದೆ. ಪಕ್ಕದ ಮನೆಯವರು ಒಟ್ಟಿಗೆ ಕೂತು ಹಾಕೋಣ ಬನ್ನಿ ಅಂತ ಕರೆಯುತ್ತಾರೆ. ಆ ಹೊತ್ತಲ್ಲಿ ಒಂದು ಟೋಪಿ ಮುಗಿಸಬಹುದಲ್ಲ ಅನ್ನಿಸಿ ಹೋಗುವುದಿಲ್ಲ. ನಾನು ಸೋಮಾರಿಯಾಗಿಬಿಟ್ಟೆನೆ?

ಉತ್ತರ: ಇಲ್ಲಮ್ಮ, ನೀವು ಸೋಮಾರಿಯಾಗಿಲ್ಲ. ಪತ್ರದಲ್ಲಿ ನನಗೆ ಕಂಡದ್ದು ದಣಿವು, ಅದರ ಅಡಿಯಲ್ಲಿ ಒಂದು ದುಃಖ. ಯಾರ ಅಪ್ಪಣೆಯೂ ಬೇಡದೆ ಇಷ್ಟು ವರ್ಷ ನಿಮ್ಮದಾಗಿದ್ದ ಸುಖ ಕೈತಪ್ಪಿದೆ. ಅದಕ್ಕಾಗಿ ಮನಸ್ಸು ನೊಂದರೆ ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಅಂತ ನಿಮ್ಮನ್ನೇ ಬೈದುಕೊಳ್ಳಬೇಡಿ.

ಇದು ನಿಮ್ಮೊಬ್ಬರ ಕಷ್ಟವಲ್ಲ. ರುಚಿಯಾಗಿ ಅಡುಗೆ ಮಾಡುವವರು, ಚೆನ್ನಾಗಿ ರಂಗೋಲಿ ಹಾಕುವವರು, ಹಾಡುವವರು, ಎಲ್ಲರಿಗೂ ಇವತ್ತು ಮನೆಯವರು ಹೇಳುವುದು ಒಂದೇ: ಇದರಿಂದ ದುಡ್ಡು ಮಾಡಬಹುದಲ್ಲ? ನಿಮ್ಮ ಊರಿನವರಿಗೆ ಆ ಮಾತು ಇನ್ನಷ್ಟು ಭಾರವಾಗಿ ಕೇಳಿಸುತ್ತದೆ. 1880ರಲ್ಲಿ ಚಿನ್ನದ ಗಣಿ ನಡೆಸಲು ಜಾನ್ ಟೇಲರ್ ಕಂಪನಿ ಬಂದಂದಿನಿಂದ ಕೆಜಿಎಫ್ ಬದುಕಿದ್ದೇ ಶಿಫ್ಟಿನ ಲೆಕ್ಕದಲ್ಲಿ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಸಾವಿರಾರು ಮನೆಗಳಲ್ಲಿ ಒಂದೊಂದು ರೂಪಾಯಿಗೂ ಲೆಕ್ಕ ಬಂತು. ಇವತ್ತಿಗೂ ಮಾರಿಕುಪ್ಪಂನಿಂದ ಕತ್ತಲಿರುವಾಗಲೇ ಹೊರಡುವ ರೈಲು ಊರಿಗಾಂ, ಕೋರಮಂಡಲ್, ಬಂಗಾರಪೇಟೆಯ ಜನರನ್ನು ತುಂಬಿಕೊಂಡು ಬೆಂಗಳೂರಿಗೆ ಓಡುತ್ತದೆ. ಅಂಥ ಊರಲ್ಲಿ ಸಂಬಳವಿಲ್ಲದೆ ಆಡುವ ಕೈ ತಪ್ಪು ಮಾಡುತ್ತಿದೆ ಅನ್ನಿಸುವುದು ಸಹಜ. ನಿಮ್ಮ ಅಳುಕು ಆ ಕಷ್ಟದ ದಿನಗಳಿಂದ ಬಂದದ್ದು. ಅದು ನಿಮ್ಮ ಗುಣದ ದೋಷವಲ್ಲ.

ಈಗ ಸ್ವಲ್ಪ ಬೇರೆ ಕಡೆಯಿಂದ ನೋಡೋಣ. ನಿಮಗೆ ಕ್ರೋಶಾ ಬೇಸರವಾಗಿದೆಯೋ, ಆರ್ಡರ್ ಬೇಸರವಾಗಿದೆಯೋ? ನಿಮಗಾಗಿ ಹಾಕುವಾಗ ಬಣ್ಣ ನಿಮ್ಮಿಷ್ಟ. ಹಿಡಿಸಲಿಲ್ಲವೆಂದರೆ ಬಿಚ್ಚುತ್ತೀರಿ, ಮಾತಿಗೆ ಯಾರಾದರೂ ಬಂದರೆ ಪಕ್ಕಕ್ಕಿಡುತ್ತೀರಿ. ಆರ್ಡರ್ ಬಂದಾಗ ಬಣ್ಣ, ತಾರೀಕು, ಬೆಲೆ ಮೂರೂ ಬೇರೆಯವರದು. ಅದೇ ಕಡ್ಡಿ, ಅದೇ ನೂಲು ಇರಬಹುದು, ಆದರೆ ಇದು ದುಡಿಮೆ. ದುಡಿಮೆಯಿಂದ ದಣಿದವರಿಗೆ ಬೇಕಾದದ್ದು ವಿಶ್ರಾಂತಿ, ಅದರ ಜೊತೆ ನ್ಯಾಯವಾದ ಕೂಲಿ.

ಕೂಲಿಯ ಮಾತು ಬಂದದ್ದರಿಂದ ಒಂದು ವಿಷಯ ಹೇಳಲೇಬೇಕು. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದಲ್ಲಿ ಮಿಷನರಿಗಳ ಕಾಲದಿಂದ ಹೆಂಗಸರು ಕ್ರೋಶಾ ಲೇಸ್ ಹಾಕುತ್ತಾ ಬಂದಿದ್ದಾರೆ. ಆ ಲೇಸ್ ಹೊರದೇಶಗಳಿಗೆ ಹೋಗುತ್ತದೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿಗೆ ಬಂದು, ಅವರ ನಡುವೆ ಕೂತು ವಿಚಾರಿಸಿ, 1982ರಲ್ಲಿ ಒಂದು ಪುಸ್ತಕ ಬರೆದರು. ಗೃಹಿಣಿಯರು ಮನೆಯಲ್ಲಿ ಬಿಡುವಿನಲ್ಲಿ ಮಾಡುವುದು ತಾನೆ ಎಂದು ಎಲ್ಲರೂ ಭಾವಿಸಿದ್ದರಿಂದ ದಿನವಿಡೀ ದುಡಿದರೂ ಅವರಿಗೆ ಸಿಗುತ್ತಿದ್ದುದು ತೀರಾ ಕಡಿಮೆ ಎಂದು ಅದು ತೋರಿಸಿತು. ಅಗ್ಗ ಮಾಡಿ ಎನ್ನುವವರ ತಲೆಯಲ್ಲಿ ಇರುವುದೂ ಅದೇ ಭಾವನೆ. ಮಷೀನಿನ ಟೋಪಿಯ ಬೆಲೆಗೆ ನಿಮ್ಮ ಕೈಯ ಟೋಪಿಯನ್ನು ಇಳಿಸಬೇಕಾಗಿಲ್ಲ.

ಮಗಳ ವಿಷಯ. ಅವಳು ನಿಮ್ಮನ್ನು ದುಡಿಸಲು ಹೊರಟವಳಲ್ಲ ಅಂತ ನನಗೆ ಅನ್ನಿಸುತ್ತದೆ. ಅಮ್ಮನ ಕೈಚಳಕವನ್ನು ನಾಲ್ಕು ಜನ ನೋಡಲಿ ಎಂಬ ಹೆಮ್ಮೆಯಿಂದಲೇ ಫೋಟೊ ತೆಗೆದಿರಬೇಕು. ನಿಮ್ಮ ಸಂಕಟ ಅವಳಿಗೆ ಗೊತ್ತಾಗಿರಲಿಕ್ಕಿಲ್ಲ, ನೀವು ಹೇಳಿದಂತೆ ಕಾಣುವುದಿಲ್ಲ. ರಾತ್ರಿ ಸುಸ್ತಾಗಿ ರೈಲಿಳಿದು ಬಂದ ಹೊತ್ತಲ್ಲಿ ಬೇಡ. ಭಾನುವಾರ ಕಾಫಿ ಕುಡಿಯುವಾಗ ಹೇಳಿ: “ನೀನು ಆರ್ಡರ್ ತಂದಾಗ ನನಗೆ ಖುಷಿಯಾಯಿತು ಕಣೇ. ಈಗ ಒಪ್ಪಿಕೊಂಡಿರುವುದನ್ನು ಮುಗಿಸಿಕೊಡುತ್ತೇನೆ. ಆಮೇಲೆ ಸ್ವಲ್ಪ ದಿನ ಹೊಸದು ತೆಗೆದುಕೊಳ್ಳಬೇಡ.” ಕಾರಣಗಳ ಪಟ್ಟಿ ಕೊಡಬೇಕಾಗಿಲ್ಲ. ಅವಳ ಮುಖ ಸಪ್ಪಗಾದರೆ ಆಗಲಿ. ಅದನ್ನು ಸರಿಮಾಡುವ ಆತುರದಲ್ಲಿ ಆಯ್ತು ಬಿಡು, ಹಾಕ್ತೀನಿ ಅಂದುಬಿಡಬೇಡಿ.

ಆ ದುಡ್ಡು ಮನೆಗೆ ನಿಜವಾಗಿ ಬೇಕಿದ್ದರೆ ಪೂರ್ತಿ ನಿಲ್ಲಿಸಬೇಕಿಲ್ಲ. ತಿಂಗಳಿಗೆ ಎಷ್ಟು ಟೋಪಿ ಎಂದು ನೀವೇ ಮಿತಿ ಹಾಕಿ. ನೂಲಿನ ಬೆಲೆಯ ಜೊತೆಗೆ ನಿಮ್ಮ ಗಂಟೆಗಳ ಬೆಲೆಯನ್ನೂ ಸೇರಿಸಿ. ಚೌಕಾಸಿಯ ಮಾತನ್ನು ಮಗಳೇ ಆಡಲಿ, ನಿಮ್ಮ ಕಿವಿಗೆ ಬೀಳದಿರಲಿ. ಮಾರುವ ನೂಲನ್ನೂ ನಿಮ್ಮ ನೂಲನ್ನೂ ಒಂದೇ ಚೀಲದಲ್ಲಿ ಇಡಬೇಡಿ. ಇದು ಚಿಕ್ಕ ವಿಷಯದಂತೆ ಕಾಣಬಹುದು, ಆದರೆ ಯಾವ ಚೀಲ ಬಿಚ್ಚುತ್ತಿದ್ದೇನೆ ಅನ್ನುವುದು ಮನಸ್ಸಿಗೆ ತಿಳಿಯುತ್ತದೆ.

ಇನ್ನು ಪಕ್ಕದ ಮನೆಯವರ ಕರೆ. ಇಡೀ ಪತ್ರದಲ್ಲಿ ನನಗೆ ತುಂಬಾ ಸಂತೋಷ ಕೊಟ್ಟದ್ದು ಅದು. ದಯವಿಟ್ಟು ಹೋಗಿ. ಮೊದಲ ದಿನ ಏನನ್ನೂ ಮುಗಿಸುವ ಸಂಕಲ್ಪ ಬೇಡ. ಬರೀ ಚೈನ್ ಹಾಕುತ್ತಾ ಕೂತರೂ ಸಾಕು. ತಮಿಳು, ತೆಲುಗು, ಉರ್ದು, ಕನ್ನಡ ಒಂದೇ ಬೀದಿಯಲ್ಲಿ ಕೇಳುವ ಊರು ನಿಮ್ಮದು. ಕ್ರೋಶಾ ಕಲಿಸಲು ಭಾಷೆಯೂ ಬೇಕಿಲ್ಲ, ಒಬ್ಬರ ಬೆರಳು ನೋಡಿ ಇನ್ನೊಬ್ಬರು ಕಲಿಯುತ್ತಾರೆ. 2013ರಲ್ಲಿ ಬ್ರಿಟನ್ನಿನ ಸಂಶೋಧಕರು ಹಲವು ದೇಶಗಳ 3,545 ಮಂದಿ ಹೆಣಿಗೆಯವರನ್ನು ಕೇಳಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಆಗಾಗ ಹೆಣೆಯುವವರು ಮನಸ್ಸು ಶಾಂತವಾಗಿ ಸಂತೋಷವಾಗಿರುತ್ತದೆ ಎಂದಿದ್ದರು. ಗುಂಪಿನಲ್ಲಿ ಹೆಣೆಯುವವರು ಅದರಿಂದ ಬೆಳೆದ ಒಡನಾಟವನ್ನು ನೆನೆದಿದ್ದರು. ಇದೆಲ್ಲ ಅವರವರೇ ಹೇಳಿಕೊಂಡದ್ದು, ಔಷಧಿಯ ಪರೀಕ್ಷೆಯಲ್ಲ. ಆದರೂ ಅಷ್ಟು ಜನರ ಅನುಭವವನ್ನು ನಾನು ತಳ್ಳಿಹಾಕಲಾರೆ.

ಗುಂಪು ಕುದುರಿದ ಮೇಲೆ ಎಲ್ಲರೂ ಸೇರಿ ಒಂದೇ ಹೊದಿಕೆ ಹಾಕಬಹುದು. ಉಳಿದ ನೂಲಿನಲ್ಲಿ ಒಬ್ಬೊಬ್ಬರು ಒಂದೊಂದು ಚೌಕ, ಆಮೇಲೆ ಜೋಡಣೆ. 2016ರ ಜನವರಿಯಲ್ಲಿ ಚೆನ್ನೈನಲ್ಲಿ ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಎಂಬ ಗುಂಪಿನ ಹೆಂಗಸರು ಹೀಗೆಯೇ ತುಂಡು ಕೂಡಿಸಿ 11,148.5 ಚದರ ಮೀಟರಿನ ಹೊದಿಕೆ ಮಾಡಿ ಗಿನ್ನೆಸ್ ದಾಖಲೆ ಬರೆದರು. ನಿಮಗೆ ಒಂದು ಮಂಚದಗಲ ಸಾಕು. ಬಂಗಾರಪೇಟೆಯಲ್ಲಿ ಗೆಳತಿಯರೋ ನೆಂಟರೋ ಇದ್ದರೆ ಅವರ ಚೌಕಗಳೂ ಬರಲಿ. ನಮ್ಮ ಕಡೆ ಚಳಿ ಎರಡು ಮೂರು ತಿಂಗಳಷ್ಟೇ, ಹತ್ತಿ ನೂಲಾದರೆ ವರ್ಷವಿಡೀ ಹೊದೆಯಬಹುದು.

ಕೈಯ ಕಡೆಗೂ ಗಮನವಿರಲಿ. ಅರ್ಧ ಗಂಟೆಗೊಮ್ಮೆ ಕಡ್ಡಿ ಕೆಳಗಿಟ್ಟು ಬೆರಳು ಬಿಡಿಸಿ. ಮಣಿಕಟ್ಟು ನೋಯುತ್ತಿದ್ದರೆ, ರಾತ್ರಿ ಬೆರಳು ಜೋಮು ಹಿಡಿಯುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಕೊನೆಗೆ ಒಂದು ಪ್ರಶ್ನೆಗೆ ನೀವೇ ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳಿ. ಬೇಸರ ಕ್ರೋಶಾ ಒಂದರಲ್ಲೇ ಇದೆಯೋ, ಊಟ, ನಿದ್ದೆ, ಮಾತು, ಪೂಜೆ ಎಲ್ಲದರಲ್ಲೂ ಇದೆಯೋ? ಎರಡು ವಾರ ಕಳೆದರೂ ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ, ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮುಖತಃ ಮಾತಾಡಬೇಕೆನಿಸಿದರೆ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಗೆ ಹೋಗಿ. ಜೊತೆಗೆ ಮಗಳು ಬಂದರೆ ಒಳ್ಳೆಯದು. ಅವಳಿಗೆ ರಜೆ ಸಿಗದಿದ್ದರೆ ಪಕ್ಕದ ಮನೆಯವರನ್ನು ಕರೆಯಿರಿ, ಬರುತ್ತಾರೆ.