ಗಾಜಿನ ತೊಟ್ಟಿಯಲ್ಲೊಂದು ಕೊಳ

ಮಡಿಕೇರಿಯ ನಮ್ಮ ಮನೆಯಲ್ಲಿ ಮೊದಲ ಸಲ ಮೀನುತೊಟ್ಟಿಯನ್ನು ಇರಿಸಿದಾಗ ಅದರ ನೀರು ಸ್ಫಟಿಕದಂತೆ ತಿಳಿಯಾಗಿತ್ತು. ಮರುದಿನವೇ ಹತ್ತು ಮೀನುಗಳನ್ನು ಅದರಲ್ಲಿ ಬಿಟ್ಟೆ. ವಾರ ತುಂಬುವುದರೊಳಗೆ ಎಂಟು ಮೀನುಗಳು ಸತ್ತುಹೋದವು. ನೀರು ಮಾತ್ರ ಆಗಲೂ ತಿಳಿಯಾಗಿಯೇ ಇತ್ತು! ಅದಕ್ಕೆ ಕಾರಣವೇನು?

ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ಮಿಕ್ಕ ಆಹಾರವೂ ಮಲವೂ ಕೊಳೆತಾಗ ಇದೇ ವಸ್ತು ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ಆದರೆ ಮೀನಿಗೆ ಇದು ವಿಷ. ಹೊಳೆ ಕೆರೆಗಳಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನೈಟ್ರೈಟೂ ವಿಷವೇ. ನೈಟ್ರೇಟಾದರೋ ಅಲ್ಪ ಪ್ರಮಾಣದಲ್ಲಿ ನಿರಪಾಯಕಾರಿ. ಸಸ್ಯಗಳಿಗೆ ಗೊಬ್ಬರವೂ ಹೌದು. ಈ ಬ್ಯಾಕ್ಟೀರಿಯಗಳನ್ನು ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿ 1890ರ ಸುಮಾರಿನಲ್ಲಿ ಬೇರ್ಪಡಿಸಿ ತೋರಿಸಿದನು. ಹೊಸ ತೊಟ್ಟಿಯ ಮರಳಿನಲ್ಲಿ ಇವು ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರಗಳು ಬೇಕು. ನಾನು ಒಂದು ದಿನವೂ ಕಾಯಲಿಲ್ಲ.

ಸಸ್ಯಗಳ ನೆರವು ಇನ್ನೊಂದು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ತೊಟ್ಟಿಯೊಂದರಲ್ಲಿ ಚಿನ್ನದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನೂ ಇರಿಸಿ, ತಾನು ಕಂಡುದನ್ನು 1850ರಲ್ಲಿ ವರದಿ ಮಾಡಿದನು. ಎಲೆಗಳು ಕೊಳೆತು ನೀರು ಕೆಟ್ಟಾಗ ಕೊಳದ ಬಸವನಹುಳುಗಳನ್ನು ಬಿಟ್ಟನು. ಅವು ಕೊಳೆತುದನ್ನು ತಿಂದು ತೊಟ್ಟಿಯನ್ನು ಶುಚಿಗೊಳಿಸಿದವು. ಗಿಡಗಳು ಬೆಳಕಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಹೀರಿ ಆಮ್ಲಜನಕವನ್ನು ಕೊಡುತ್ತವೆ. ಅಮೋನಿಯವನ್ನೂ ನೇರವಾಗಿ ಹೀರಿಕೊಳ್ಳುತ್ತವೆ.

ಇನ್ನು ತೊಟ್ಟಿಯನ್ನು ಅಣಿಗೊಳಿಸುವ ಬಗೆಯನ್ನು ನೋಡೋಣ. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ತೊಟ್ಟಿ ತುಂಬಿದರೆ 54 ಲೀಟರ್ ನೀರು ಹಿಡಿಯುತ್ತದೆ. ನೀರಿನ ಭಾರವೇ 54 ಕಿಲೋಗ್ರಾಮ್! ಆದುದರಿಂದ ಮೇಜು ಗಟ್ಟಿಯಾಗಿಯೂ ಸಮತಟ್ಟಾಗಿಯೂ ಇರಬೇಕು. ತೊಟ್ಟಿಯ ಅಡಿಗೆ ಥರ್ಮೋಕೋಲ್ ಹಾಳೆ ಹಾಸಿದರೆ ಒತ್ತಡ ಒಂದೇ ಕಡೆ ಬಿದ್ದು ಗಾಜು ಸೀಳುವುದಿಲ್ಲ. ಒಳಗೆ ಎರಡು ಬೆರಳು ದಪ್ಪ ಮಣ್ಣು, ಅದರ ಮೇಲೆ ಅಷ್ಟೇ ದಪ್ಪ ತೊಳೆದ ಮರಳು. ಕಾಫಿ ತೋಟದ ಮಣ್ಣು ಮಾತ್ರ ಬೇಡ. ಕಾಫಿಗೂ ಮೆಣಸಿನ ಬಳ್ಳಿಗೂ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇರುತ್ತದೆ. ಅದರ ತಾಮ್ರವು ಬಸವನಹುಳುವಿಗೂ ಮೀನಿಗೂ ವಿಷ.

ನಲ್ಲಿಯ ನೀರನ್ನು ತೆರೆದ ಪಾತ್ರೆಯಲ್ಲಿ ಒಂದು ದಿನ ಇಟ್ಟರೆ ಅದರಲ್ಲಿನ ಕ್ಲೋರೀನ್ ಹಾರಿಹೋಗುತ್ತದೆ. ಆಮೇಲೆ ಮರಳಿನ ಮೇಲೊಂದು ತಟ್ಟೆಯಿಟ್ಟು, ತಟ್ಟೆಯ ಮೇಲೆ ಮೆಲ್ಲಗೆ ನೀರೆರೆಯಬೇಕು. ವ್ಯಾಲಿಸ್ನೇರಿಯ, ಹೈಡ್ರಿಲ್ಲದಂತಹ ಬೇಗ ಬೆಳೆಯುವ ಗಿಡಗಳನ್ನು ಒತ್ತಾಗಿ ನೆಡಿರಿ. ನಮ್ಮ ಮಳೆಗಾಲದ ಬಿಸಿಲನ್ನು ನಂಬುವಂತಿಲ್ಲವಾದುದರಿಂದ ಎಲ್‌ಇಡಿ ದೀಪವನ್ನು ದಿನಕ್ಕೆ ಏಳೆಂಟು ಗಂಟೆ ಉರಿಸಿದರೆ ಸಾಕು. ಹೆಚ್ಚಾದರೆ ಪಾಚಿ ಕಟ್ಟುತ್ತದೆ. ದಿನವೂ ಚಿಟಿಕೆಗಿಂತ ಕಡಮೆ ಮೀನಿನ ಆಹಾರವನ್ನು ಹಾಕುತ್ತಿರಿ. ಅದು ಕೊಳೆತು, ಬ್ಯಾಕ್ಟೀರಿಯಗಳಿಗೆ ಬೇಕಾದ ಅಮೋನಿಯವನ್ನು ಒದಗಿಸುತ್ತದೆ.

ಇಲ್ಲೊಂದು ಭೌತಶಾಸ್ತ್ರದ ಪ್ರಶ್ನೆಯುಂಟು. ನೀರಿನಲ್ಲಿ ಕರಗುವ ಅನಿಲದ ಪ್ರಮಾಣವು ಅದರ ಒತ್ತಡವನ್ನು ಅನುಸರಿಸುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ವಾಯುವಿನ ಒತ್ತಡ ಎಂಟರಲ್ಲೊಂದು ಪಾಲು ಕಡಮೆ. ಹಾಗಾದರೆ ನಮ್ಮ ಮೀನುಗಳು ಉಸಿರಿಗೆ ತೊಳಲಬೇಕೆ? ಇಲ್ಲ. ನೀರು ತಣ್ಣಗಿದ್ದಷ್ಟೂ ಆಮ್ಲಜನಕ ಹೆಚ್ಚು ಕರಗುತ್ತದೆ. ಕರಾವಳಿಯಲ್ಲಿ 30 ಡಿಗ್ರಿ ಸೆಲ್ಸಿಯಸ್‌ನ ನೀರು ಲೀಟರಿಗೆ ಸುಮಾರು 7.5 ಮಿಲಿಗ್ರಾಮ್ ಹಿಡಿದರೆ, ಮಡಿಕೇರಿಯ 20 ಡಿಗ್ರಿಯ ನೀರು ಸುಮಾರು 8 ಮಿಲಿಗ್ರಾಮ್ ಹಿಡಿಯುತ್ತದೆ. ಎತ್ತರ ಕಸಿದುದನ್ನು ಚಳಿ ಹಿಂದಿರುಗಿಸುತ್ತದೆ! ಆದರೆ ರಾತ್ರಿ ಗಿಡಗಳೂ ಆಮ್ಲಜನಕವನ್ನೇ ಬಳಸುತ್ತವೆ. ಮಳೆಯ ರಾತ್ರಿ ಕರೆಂಟು ಹೋಗಿ ಪಂಪು ನಿಂತರೂ ಅಪಾಯವಾಗದಿರಬೇಕಾದರೆ ಮೀನುಗಳ ಸಂಖ್ಯೆ ಮಿತವಾಗಿರಬೇಕು.

ಅಂಗಡಿಯಲ್ಲಿ ಸಿಗುವ ಪರೀಕ್ಷಾ ದ್ರಾವಣಗಳು ಅಮೋನಿಯ, ನೈಟ್ರೈಟ್ ಎರಡನ್ನೂ ಸೊನ್ನೆಯೆಂದು ತೋರಿಸಿದ ಮೇಲೆಯೇ ಮೀನು ಬಿಡಿರಿ. ಚಳಿಯನ್ನು ತಾಳಬಲ್ಲ ಜೀಬ್ರಾ ಮೀನುಗಳು ಆರು ಸಾಕು. ವಾರಕ್ಕೊಮ್ಮೆ ನಾಲ್ಕರಲ್ಲೊಂದು ಪಾಲು ನೀರನ್ನು ಬದಲಾಯಿಸಿರಿ.

ಹೊಳೆಯ ಮೀನನ್ನು ಹಿಡಿದು ತಂದು ಸಾಕುವ ಆಸೆ ಬೇಡ. ಬ್ರಹ್ಮಗಿರಿಯ ಕಡೆಯಿಂದ ಹರಿಯುವ ಬರಪೊಳೆಯು ಸೇರುವ ವಳಪಟ್ಟಣಂ ನದಿಯಲ್ಲಿ, ‘ಮಿಸ್ ಕೇರಳ’ ಎಂದು ಮಾರಾಟವಾಗುವ ಕೆಂಪು ಪಟ್ಟೆಯ ಚೆಲುವಾದ ಮೀನೊಂದಿದೆ. ತೊಟ್ಟಿಗಳಿಗಾಗಿ ಮಿತಿಮೀರಿ ಹಿಡಿದುದೂ ಸೇರಿ, ಅದು ಇಂದು ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಹಾಗೆಯೇ ತೊಟ್ಟಿಯ ಮೀನನ್ನಾಗಲಿ ಗಿಡವನ್ನಾಗಲಿ ಗದ್ದೆಗೂ ತೋಡಿಗೂ ಬಿಡಬಾರದು.

ಎರಡನೆಯ ಸಲ ನಾನು ಆರು ವಾರ ಕಾದೆ. ಮೀನಿಲ್ಲದ ತೊಟ್ಟಿಯನ್ನು ಕಂಡು ನೆರೆಯವರು ನಕ್ಕರು. ಆದರೆ ಬರಿಗಣ್ಣಿಗೆ ಕಾಣದ ಕೋಟಿ ಜೀವಿಗಳು ಅದರೊಳಗೆ ಆಗಲೇ ಕೆಲಸಕ್ಕೆ ತೊಡಗಿದ್ದವು. ಆ ಬಾರಿ ಬಿಟ್ಟ ಆರು ಮೀನುಗಳಲ್ಲಿ ಒಂದೂ ಸಾಯಲಿಲ್ಲ.