ಬೈಕ್ ಬಂತು, ಕೇಸು ಹೋಗಲಿಲ್ಲ

ಪುಟ್ಟೂ, ನೀನು ಕಳಿಸಿದ ಎರಡೂ ವಿಡಿಯೋ ನೋಡಿದೆ. ಒಂದರಲ್ಲಿ ಸಂಸದರೊಬ್ಬರು ಪಾಸ್‌ಪೋರ್ಟ್ ತಡವಾಗುತ್ತಿದೆ, ಹುಡುಗರ ಕೆಲಸ ಕೈತಪ್ಪುತ್ತಿದೆ ಎಂದು ಗುಡುಗುತ್ತಿದ್ದಾರೆ. ಇನ್ನೊಂದರಲ್ಲಿ ಮತ್ತೊಬ್ಬರು, ಕುಡಿದು ಗಾಡಿ ಓಡಿಸುವವರಿಗೆ ಈಗಿನ ಶಿಕ್ಷೆ ಏನೇನೂ ಸಾಲದು ಎನ್ನುತ್ತಿದ್ದಾರೆ. ಮೊದಲನೆಯದರ ಕೆಳಗೆ ಚಪ್ಪಾಳೆಯ ಚಿತ್ರ ಹಾಕಿದ್ದೀಯ. ಎರಡನೆಯದರ ಕೆಳಗೆ ‘ಇವರಿಗೆ ಬೇರೆ ಕೆಲಸ ಇಲ್ವಾ ದೊಡ್ಡಪ್ಪ’ ಅಂತ ಬರೆದಿದ್ದೀಯ. ನಿನ್ನ ಮಟ್ಟಿಗೆ ಇವೆರಡೂ ಒಂದೇ ಫೈಲು ಅನ್ನೋದು ನಿನಗಿನ್ನೂ ಹೊಳೆದಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ‘ಸರಿ ಸರಿ’ ಅಂದುಬಿಡ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಪೊಲೀಸ್ ವರದಿ ಪ್ರತಿಕೂಲವಾಗಿದೆ, ವಿವರಣೆ ಕೊಡಿ ಎಂದು ಪಾಸ್‌ಪೋರ್ಟ್ ಕಚೇರಿಯಿಂದ ಬಂದಿದೆ ಅಂದೆಯಲ್ಲ. ಯಾರೋ ಕೈಬೆಚ್ಚಗೆ ಮಾಡಲಿ ಅಂತ ಕಾಯುತ್ತಿದ್ದಾರೆ ಅನ್ನೋದು ನಿನ್ನ ಊಹೆ. ಅಂಥವರೂ ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಡಿಸೆಂಬರ್ 31ರ ರಾತ್ರಿ ನಾಕಾಬಂದಿಯಲ್ಲಿ ನಿನ್ನನ್ನು ನಿಲ್ಲಿಸಿ, ಆಲ್ಕೋಮೀಟರಿಗೆ ಹೊಸ ಪೈಪ್ ಸಿಕ್ಕಿಸಿ ಊದಿಸಿದ್ದು ಮರೆತುಹೋಯಿತೇ? ತೆರೆಯ ಮೇಲೆ 62 ಬಂತು ಅಂತ ನೀನೇ ನಗುತ್ತಾ ಹೇಳಿದ್ದೆ. ಗಾಡಿ ಹಿಡಿದಿಟ್ಟರು, ಚೀಟಿ ಕೊಟ್ಟರು, ಮೂರನೇ ದಿನ ಗೆಳೆಯ ಠಾಣೆಗೆ ಹೋಗಿ ಬೈಕ್ ಬಿಡಿಸಿಕೊಂಡು ಬಂದ. ಅಲ್ಲಿಗೆ ಮುಗೀತು ಅಂದುಕೊಂಡೆ. ಬೈಕ್ ಕೈಗೆ ಬಂತು ಅಂದರೆ ಕೇಸು ಮುಗೀತು ಅಂತಲ್ಲ ಮಗೂ. ಕೋರ್ಟಿಗೆ ಹಾಜರಾಗಿ ಎಂದು ಬಂದ ನೋಟಿಸು ಫ್ರಿಜ್ ಮೇಲೆ ಬಿದ್ದಿತ್ತು ಅಂತ ನಿನ್ನಮ್ಮ ಮೊನ್ನೆ ಬಾಯಿಬಿಟ್ಟಳು.

ಇನ್ನು ಕಾನೂನಿನ ಮಾತು. 1967ರವರೆಗೆ ಪಾಸ್‌ಪೋರ್ಟ್ ಅನ್ನೋದು ಸರ್ಕಾರ ಮನಸ್ಸು ಬಂದರೆ ಕೊಡುವ ಇನಾಮಾಗಿತ್ತು. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಅನ್ನೋದಕ್ಕೆ ಕಾಯ್ದೆಯೇ ಇರಲಿಲ್ಲ. ಸತ್ವಂತ್ ಸಿಂಗ್ ಸಾಹ್ನಿ ಎಂಬ ವ್ಯಾಪಾರಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಆ ವರ್ಷ ಏಪ್ರಿಲ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಸುಬ್ಬರಾವ್ ಅವರಿದ್ದ ಪೀಠದ ಐವರಲ್ಲಿ ಮೂವರು, ಹೊರದೇಶಕ್ಕೆ ಹೋಗುವುದು ವೈಯಕ್ತಿಕ ಸ್ವಾತಂತ್ರ್ಯದ ಭಾಗ, ಕಾನೂನಿಲ್ಲದೆ ಅದನ್ನು ತಡೆಯುವಂತಿಲ್ಲ ಎಂದರು. ಸರ್ಕಾರ ತರಾತುರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಜೂನ್ 24ಕ್ಕೆ ಪಾಸ್‌ಪೋರ್ಟ್ ಕಾಯ್ದೆಯೇ ಬಂತು. ಹತ್ತು ವರ್ಷದ ಮೇಲೆ ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ಕಿತ್ತುಕೊಂಡು, ಸಾರ್ವಜನಿಕ ಹಿತದೃಷ್ಟಿಯಿಂದ ಕಾರಣ ಹೇಳುವುದಿಲ್ಲ ಅಂದಾಗ, 1978ರಲ್ಲಿ ಸುಪ್ರೀಂ ಕೋರ್ಟು ಕಾನೂನಿದ್ದರೆ ಸಾಲದು, ನಡೆಸುವ ರೀತಿಯೂ ನ್ಯಾಯವಾಗಿರಬೇಕು ಎಂದಿತು. ಆದ್ದರಿಂದ ಪಾಸ್‌ಪೋರ್ಟ್ ಕೇಳುವಾಗ ನೀನು ಯಾರ ಮುಂದೆಯೂ ಕೈಚಾಚಬೇಕಿಲ್ಲ. ಕೊಡುವುದಿಲ್ಲ ಅನ್ನುವುದಾದರೆ ಅವರು ಬರವಣಿಗೆಯಲ್ಲಿ ಕಾರಣ ದಾಖಲಿಸಬೇಕು, ಅದರ ಮೇಲೆ ಮೇಲ್ಮನವಿಗೆ ದಾರಿಯೂ ಇದೆ.

ಆದರೆ ಅದೇ ಕಾಯ್ದೆಯ 6ನೇ ಕಲಮಿನಲ್ಲಿ, ಯಾವಾಗ ಕೊಡಬಾರದು ಅನ್ನೋ ಪಟ್ಟಿಯೂ ಇದೆ. ಅರ್ಜಿದಾರನ ಮೇಲೆ ಕ್ರಿಮಿನಲ್ ನ್ಯಾಯಾಲಯದಲ್ಲಿ ಪ್ರಕರಣ ಬಾಕಿ ಇದ್ದರೆ ಒಂದು. ಹಾಜರಾಗು ಎಂದು ಕೋರ್ಟು ಸಮನ್ಸೋ ವಾರಂಟೋ ಕಳಿಸಿದ್ದರೆ ಇನ್ನೊಂದು. ಕೊಲೆ, ಸುಲಿಗೆ ಅಂತೆಲ್ಲ ಅಲ್ಲಿ ವಿಂಗಡಿಸಿಲ್ಲ. ಕುಡಿದು ಗಾಡಿ ಓಡಿಸಿದ್ದು ಸಿಗ್ನಲ್ ಹಾರಿದಂತೆ ಠಾಣೆಯಲ್ಲೋ ಮೊಬೈಲಿನಲ್ಲೋ ದಂಡ ಕಟ್ಟಿ ಕೈತೊಳೆದುಕೊಳ್ಳುವ ಬಾಬತ್ತಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ, ಆರು ತಿಂಗಳವರೆಗೆ ಜೈಲು ಹಾಕಬಹುದಾದ ಅಪರಾಧ, ಮ್ಯಾಜಿಸ್ಟ್ರೇಟರ ಮುಂದೆಯೇ ತೀರಬೇಕು. ಗೈರುಹಾಜರಾದರೆ ಸಮನ್ಸು, ಆಮೇಲೆ ವಾರಂಟು. ಠಾಣೆಯ ದಫೇದಾರರು ನಿನ್ನ ಹೆಸರು ಕಂಪ್ಯೂಟರಿನಲ್ಲಿ ಹಾಕಿದಾಗ ಅದು ಕಂಡಿದೆ, ಬರೆದು ಕಳಿಸಿದ್ದಾರೆ. ಅವರ ತಪ್ಪೇನಿದೆ ಹೇಳು?

ಎರಡನೇ ವಿಡಿಯೋಗೆ ಬರೋಣ. ಕಾನೂನು ಬಿಗಿ ಮಾಡುವ ಚರ್ಚೆ ಸಂಸತ್ತಿಗೆ ಹೊಸದೇನಲ್ಲ. ಮೋಟಾರು ವಾಹನ ತಿದ್ದುಪಡಿ ಮಸೂದೆ 2016ರಲ್ಲಿ ಬಂದು, ಮರುವರ್ಷ ಲೋಕಸಭೆ ದಾಟಿ, ರಾಜ್ಯಸಭೆಯಲ್ಲಿ ಕೂತು, ಆ ಲೋಕಸಭೆಯ ಅವಧಿಯೊಂದಿಗೆ ಸತ್ತೇಹೋಯಿತು. ನಿತಿನ್ ಗಡ್ಕರಿ 2019ರ ಜುಲೈನಲ್ಲಿ ಮತ್ತೆ ತಂದರು. ರಾಜ್ಯಗಳ ಅಧಿಕಾರಕ್ಕೆ ಕೈಹಾಕುತ್ತಿದ್ದೀರಿ ಎಂದು ವಿರೋಧ ಪಕ್ಷದವರು ಜಗಳಕ್ಕೆ ನಿಂತರು, ಅದರಲ್ಲಿ ಹುರುಳೂ ಇತ್ತು. ಕೊನೆಗೆ ಜುಲೈ 31ರಂದು ರಾಜ್ಯಸಭೆಯೂ ಒಪ್ಪಿತು, ಸೆಪ್ಟೆಂಬರ್ 1ರಿಂದ ಹೊಸ ದಂಡ ಜಾರಿಗೆ ಬಂತು. ಕುಡಿದು ಓಡಿಸಿದ್ದಕ್ಕೆ ಮೊದಲು ಹೆಚ್ಚೆಂದರೆ ಎರಡು ಸಾವಿರ ಇದ್ದದ್ದು ಹತ್ತು ಸಾವಿರ ಆಯಿತು. ಎರಡನೇ ಸಲ ಸಿಕ್ಕಿಬಿದ್ದರೆ ಹದಿನೈದು ಸಾವಿರ, ಎರಡು ವರ್ಷದವರೆಗೆ ಜೈಲು. ಜನ ಬೊಬ್ಬೆ ಹಾಕಿದರು, ಗುಜರಾತು ದಂಡ ಇಳಿಸಿತು, ನಮ್ಮ ಕರ್ನಾಟಕವೂ ಅದೇ ತಿಂಗಳು ಹೆಲ್ಮೆಟ್ಟಿನಂಥವಕ್ಕೆ ಇಳಿಸಿತು. ಆದರೆ 185 ರಾಜಿಯಾಗುವ ಅಪರಾಧಗಳ ಪಟ್ಟಿಯಲ್ಲೇ ಇಲ್ಲ. ರಾಜ್ಯ ಸರ್ಕಾರ ಇಳಿಸುತ್ತೇನೆಂದರೂ ಅದು ಅವರ ಕೈಯಲ್ಲಿಲ್ಲ.

ನನ್ನನ್ನು ಕೇಳಿದರೆ, ದಂಡವನ್ನು ಇನ್ನೂ ಏರಿಸಿ ಅನ್ನುವವರ ಪಕ್ಷ ನಾನಲ್ಲ. ನೂರು ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮದ್ಯಸಾರ ದಾಟಿದರೆ ನಮ್ಮಲ್ಲಿ ಅಪರಾಧ. ನೀನು ಹೋಗಬೇಕು ಅಂತಿರುವ ಇಂಗ್ಲೆಂಡಿನಲ್ಲಿ ಆ ಗಡಿ 80. ಅಂದರೆ ಬರೆದ ಕಾನೂನು ನಮ್ಮದೇ ಬಿಗಿ. ದೊಡ್ಡ ಬಾಟಲಿಯ ಬಿಯರ್ ಒಂದು ಮುಗಿಸಿದರೆ ಸಾಕು, ನಿನ್ನಂಥ ಮೈಕಟ್ಟಿನವನು 30 ದಾಟಿಬಿಡ್ತಾನೆ. ‘ಒಂದೇ ಬಿಯರ್ ಅಂಕಲ್’ ಅನ್ನೋದು ಪೊಲೀಸರ ಹತ್ತಿರ ವಾದವೇ ಅಲ್ಲ, ಅದು ತಪ್ಪೊಪ್ಪಿಗೆ. ಊದಲ್ಲ ಅಂತ ಹಟ ಹಿಡಿದರೂ ಉಪಯೋಗವಿಲ್ಲ, ಆ ನಿರಾಕರಣೆಯೇ ನಿನ್ನ ವಿರುದ್ಧ ಸಾಕ್ಷ್ಯವಾಗಬಹುದು ಎಂದು ಕಾಯ್ದೆಯಲ್ಲೇ ಇದೆ. ಇಂಗ್ಲೆಂಡಿನಲ್ಲಿ ಜನ ಹೆದರುವುದು ಕನಿಷ್ಠ ಒಂದು ವರ್ಷ ಗಾಡಿ ಮುಟ್ಟುವಂತಿಲ್ಲ ಅನ್ನೋದಕ್ಕೆ. ನಮ್ಮಲ್ಲಿ ಡಿಸೆಂಬರ್ 31ರಂದು ಮೂಲೆಮೂಲೆಯಲ್ಲಿ ನಾಕಾಬಂದಿ, ಫೆಬ್ರುವರಿಯ ಮಾಮೂಲಿ ಮಂಗಳವಾರ ಒಂದೂ ಕಾಣದು. ದಿನಾ ರಾತ್ರಿ ಎಲ್ಲಾದರೂ ಒಂದು ಕಡೆ ಊದಿಸುತ್ತಾರೆ ಅನ್ನೋ ಅಳುಕು ಇದ್ದರೆ ಎರಡು ಸಾವಿರದ ದಂಡವೂ ಸಾಕಿತ್ತು. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಎಲ್ಲರೂ ಕುಡಿತದಿಂದ ಸತ್ತರು ಅನ್ನಲ್ಲ, ವೇಗದ ಪಾಲೇ ದೊಡ್ಡದು. ಆದರೂ 62ರಲ್ಲಿ ಹ್ಯಾಂಡಲ್ ಹಿಡಿದವನು ತನಗೊಬ್ಬನಿಗೇ ಅಪಾಯ ಅಂದುಕೊಳ್ಳಬಾರದು. ನಿನ್ನ ಹಿಂದೆ ಒಬ್ಬ ಕೂತಿದ್ದ, ಅವನಿಗೆ ಹೆಲ್ಮೆಟ್ ಕೂಡ ಇರಲಿಲ್ಲ ಅಂತ ನೀನೇ ಹೇಳಿದ್ದು.

ಹೋಗಲಿ, ಬೈಯಲು ಕೂತಿಲ್ಲ. ಮುಂದೇನು ಮಾಡಬೇಕು ಅಂತ ಹೇಳ್ತೀನಿ. ಸೋಮವಾರ ರಜೆ ಹಾಕು. ಬೆಳಿಗ್ಗೆ ಹತ್ತೂವರೆಗೆ ಟ್ರಾಫಿಕ್ ಕೋರ್ಟಿನಲ್ಲಿರಬೇಕು. ಅಲ್ಲಿ ಹೊರಗೆ ನಿಂತು ‘ಐನೂರು ಕೊಡಿ, ಒಳಗೆ ಬರೋದೇ ಬೇಡ’ ಅನ್ನುವವರು ಸಿಕ್ತಾರೆ, ಅವರ ಕಡೆ ತಿರುಗಿಯೂ ನೋಡಬೇಡ. ಒಳಗೆ ಬೆಂಚ್ ಕ್ಲರ್ಕ್ ಹತ್ತಿರ ನಿನ್ನ ಕೇಸ್ ನಂಬರ್ ಹೇಳಿ, ಇವತ್ತೇ ಕರೆಯಬೇಕು, ವಾರಂಟ್ ಇದ್ದರೆ ರದ್ದು ಮಾಡಿಸಬೇಕು ಅಂತ ಕೇಳಿಕೊಳ್ಳಬೇಕು. ಅದಕ್ಕೆ ನನ್ನ ಹಳೇ ಜೂನಿಯರ್ ಒಬ್ಬನಿಗೆ ಹೇಳಿದ್ದೇನೆ, ಅರ್ಜಿ ಅವನು ಹಾಕ್ತಾನೆ. ಅಲ್ಲಿ ನಿನ್ನಂಥ ಐವತ್ತು ಮಂದಿ ಗೋಡೆಗೊರಗಿ ನಿಂತಿರ್ತಾರೆ. ಟೈ ಕಟ್ಟಿದವರು, ಡೆಲಿವರಿ ಚೀಲ ಹೆಗಲಿಗೇರಿಸಿದವರು, ಗಂಡನ ಪರವಾಗಿ ಬಂದು ಗಂಡನೇ ಬರಬೇಕು ಅಂತ ಗದರಿಸಿಕೊಳ್ಳುವ ಹೆಂಗಸರು. ಜವಾನ ಹೆಸರು ಕೂಗಿದಾಗ ಮೊಬೈಲಿನಲ್ಲಿ ಮುಳುಗಿರಬೇಡ. ಕೂಗು ತಪ್ಪಿದರೆ ಮಧ್ಯಾಹ್ನದವರೆಗೆ ಕಾಯಬೇಕು, ಇಲ್ಲಾ ಇನ್ನೊಂದು ವಾಯಿದೆ.

ಮ್ಯಾಜಿಸ್ಟ್ರೇಟರು ಆಪಾದನೆ ಓದಿ ಹೇಳಿ, ಒಪ್ಪುತ್ತೀರಾ ಅಂತ ಕೇಳ್ತಾರೆ. ಇಲ್ಲೊಂದು ವಿಷಯ ಚೆನ್ನಾಗಿ ತಿಳಿದುಕೋ. ಒಪ್ಪಿದರೆ ದಂಡ ಕಟ್ಟಿ ಅವತ್ತೇ ಮುಗಿಯುತ್ತೆ, ಆದರೆ ಅದು ಶಿಕ್ಷೆ ಅಂತಲೇ ದಾಖಲಾಗುತ್ತೆ. ಯಂತ್ರ ಸುಳ್ಳು ಹೇಳಿತು ಅಂತ ನಿನಗೆ ನಿಜವಾಗಿ ಅನ್ನಿಸಿದರೆ ಒಪ್ಪಬೇಡ, ಹೋರಾಡು. ಅಲ್ಲಿಯವರೆಗೆ ಕೇಸು ಬಾಕಿಯೇ. ಆಗಲೂ ಪಾಸ್‌ಪೋರ್ಟಿಗೆ ದಾರಿ ಇದೆ. 1993ರ ಕೇಂದ್ರದ ಅಧಿಸೂಚನೆಯ ಪ್ರಕಾರ, ಕೇಸು ನಡೆಯುತ್ತಿರುವ ನ್ಯಾಯಾಲಯದಿಂದ ಹೊರದೇಶಕ್ಕೆ ಹೋಗಲು ಅನುಮತಿ ತಂದರೆ ಕೊಡುತ್ತಾರೆ. ಕೋರ್ಟು ಅವಧಿ ಹೇಳದಿದ್ದರೆ ಒಂದೇ ವರ್ಷದ ಪಾಸ್‌ಪೋರ್ಟು ಸಿಗೋದು. ನಿನ್ನ ವಿಷಯದಲ್ಲಿ 62 ಬಂದದ್ದು ಸುಳ್ಳಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಒಪ್ಪಿಬಿಡು. ಐದು ವರ್ಷದೊಳಗೆ ನೈತಿಕ ಅಧಃಪತನದ ಅಪರಾಧಕ್ಕೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಜೈಲಾಗಿದ್ದರೆ ಮಾತ್ರ ಹಳೆಯ ಶಿಕ್ಷೆ ಪಾಸ್‌ಪೋರ್ಟಿಗೆ ಅಡ್ಡ. ದಂಡ ಕಟ್ಟಿದವನಿಗೆ ಆ ಭಯ ಇಲ್ಲ.

ದಂಡದ ರಸೀದಿ ಸಿಕ್ಕಿತು ಅಂತ ಓಡಿ ಬರಬೇಡ. ಆದೇಶದ ದೃಢೀಕೃತ ನಕಲಿಗೆ ಅವತ್ತೇ ಕಾಪಿ ಅರ್ಜಿ ಹಾಕು. ಅದು ಕೈಗೆ ಬಂದ ಮೇಲೆ ಒಂದು ಪ್ರತಿ ನಿನ್ನ ಠಾಣೆಗೆ, ಇನ್ನೊಂದು ವಿವರಣೆಯ ಜೊತೆ ಕೋರಮಂಗಲದ ಪಾಸ್‌ಪೋರ್ಟ್ ಕಚೇರಿಗೆ. ಮರುಪರಿಶೀಲನೆಗೆ ಕೇಳಿಕೋ. ಅರ್ಜಿ ತುಂಬುವಾಗ ‘ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣ ಬಾಕಿ ಇದೆಯೇ’ ಅನ್ನೋ ಪ್ರಶ್ನೆಗೆ ಇಲ್ಲ ಅಂತ ಒತ್ತಿದ್ದೆಯಲ್ಲ, ಅದನ್ನೂ ಮುಚ್ಚಿಡಬೇಡ. ನೋಟಿಸು ಓದಿರಲಿಲ್ಲ, ತಿಳಿಯದೆ ಬರೆದೆ ಅಂತ ವಿವರಣೆಯಲ್ಲಿ ನೇರವಾಗಿ ಬರೆ. ಸುಳ್ಳು ಮಾಹಿತಿ ಕೊಡುವುದು ಆ ಕಾಯ್ದೆಯ 12ನೇ ಕಲಮಿನಲ್ಲಿ ಬೇರೆಯೇ ಅಪರಾಧ. ಇಂಗ್ಲೆಂಡಿನ ವೀಸಾ ಅರ್ಜಿಯಲ್ಲೂ ಶಿಕ್ಷೆಗಳ ಬಗ್ಗೆ ಕೇಳ್ತಾರೆ, ವಾಹನದ ಅಪರಾಧವೂ ಸೇರಿ. ಅಲ್ಲಿ ಹತ್ತು ಸಾವಿರ ದಂಡ ಕಟ್ಟಿದೆ ಅಂತ ಬರೆದವನಿಗಿಂತ ಬರೆಯದೆ ಸಿಕ್ಕಿಬಿದ್ದವನಿಗೇ ತೊಂದರೆ.

ಅಂದಮಾತ್ರಕ್ಕೆ ನಿನ್ನ ಮೊದಲನೇ ವಿಡಿಯೋದ ಸಂಸದರು ಹೇಳಿದ್ದು ಸುಳ್ಳು ಅಂತಲ್ಲ. 2010ರಲ್ಲಿ ಎಸ್.ಎಂ. ಕೃಷ್ಣ ವಿದೇಶಾಂಗ ಸಚಿವರಾಗಿದ್ದಾಗ ಪ್ರಾಯೋಗಿಕ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ನಮ್ಮ ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಲ್ಲೂ ಬಂದವು. 2017ರಲ್ಲಿ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಅನ್ನೋದು ಮೊದಲು ಶುರುವಾದ ಎರಡು ಊರುಗಳಲ್ಲಿ ಒಂದು ಮೈಸೂರು. ಕೌಂಟರಿನ ಕೆಲಸ ಈಗ ಗಂಟೆಯಲ್ಲಿ ಮುಗಿಯುತ್ತೆ. ತಡ ಆಗುವುದು ಅದರಾಚೆ, ಪೊಲೀಸ್ ವರದಿಯಲ್ಲಿ. 21 ದಿನದೊಳಗೆ ವರದಿ ಕಳಿಸಿದರೆ ಕೇಂದ್ರದಿಂದ ರಾಜ್ಯಕ್ಕೆ ಒಂದೊಂದಕ್ಕೆ 150 ರೂಪಾಯಿ ಬರುತ್ತೆ, ಆದರೂ ಬಂದೋಬಸ್ತು, ಗಲಾಟೆ, ಚುನಾವಣೆ ಅಂತ ಓಡುವ ಪೇದೆಗೆ ಮನೆಮನೆ ಸುತ್ತಲು ಪುರುಸೊತ್ತೆಲ್ಲಿ? ಸಂಸದರು ಅದನ್ನು ಪ್ರಶ್ನೋತ್ತರ ವೇಳೆಯಲ್ಲಿ ಕೇಳಲಿ, ಬಿಡದೆ ಕೇಳಲಿ. ನಿನ್ನ ಫೈಲು ಮಾತ್ರ ಅವರ ಭಾಷಣದಿಂದ ಕದಲುವುದಲ್ಲ, ಅದು ನಿನ್ನ ಫ್ರಿಜ್ ಮೇಲಿನ ಕಾಗದದಿಂದ ನಿಂತಿದೆ.

ಅಪ್ಪನಿಗೆ ನಾನೇನೂ ಹೇಳಿಲ್ಲ, ನೀನೇ ಹೇಳು. ಆಧಾರ್ ತಗೊಂಡು ಬಾ, ನೋಟಿಸು ತಗೊಂಡು ಬಾ, ದಂಡದ ದುಡ್ಡಿನ ಮೇಲೆ ಕಾಪಿ ಖರ್ಚಿಗೂ ಸ್ವಲ್ಪ ಇಟ್ಟುಕೋ. ಬೈಕ್ ಮಾತ್ರ ತರಬೇಡ, ಮೆಟ್ರೋದಲ್ಲಿ ಬಾ. ಅವತ್ತು ಕಿತ್ತುಕೊಂಡ ಲೈಸೆನ್ಸು ಅಮಾನತಿಗೆ ಅಂತ ಆರ್‌ಟಿಒಗೆ ಹೋಗಿದೆ, ಇನ್ನೂ ವಾಪಸು ಬಂದಿಲ್ಲ.