ಮದ್ದೂ ವಿಷವೂ ಆದ ಒಂದು ಔಷಧ

ಯುಕ್ತಿಯಿಂದ ಬಳಸಿದರೆ ವಿಷವೂ ಮದ್ದಾಗುವುದು, ಯುಕ್ತಿ ತಪ್ಪಿದರೆ ಮದ್ದೂ ವಿಷವಾಗುವುದು ಎಂದು ಆಯುರ್ವೇದವು ಬೋಧಿಸುತ್ತದೆ. ಥ್ಯಾಲಿಡೊಮೈಡ್ ಎಂಬ ಆಧುನಿಕ ಔಷಧದ ಚರಿತ್ರೆಯು ಇದಕ್ಕೆ ನಿದರ್ಶನ.

1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ರೆಯ ಮಾತ್ರೆಯಾಗಿ ಬಂದ ಇದನ್ನು ಗರ್ಭಿಣಿಯರೂ ಸೇವಿಸಿದರು. ಸಾವಿರಾರು ಶಿಶುಗಳು ಕೈಕಾಲು ಊನವಾಗಿ ಜನಿಸಿದವು. 1961ರಲ್ಲಿ ಅಲ್ಲಿ ಮಾರಾಟ ನಿಂತಿತು.

ಹೀಗೇಕಾಯಿತು? ನಮ್ಮ ಜೀವಕೋಶಗಳು ಬೇಡವಾದ ಪ್ರೋಟೀನುಗಳಿಗೆ ಯುಬಿಕ್ವಿಟಿನ್ ಎಂಬ ಗುರುತು ಹಚ್ಚುತ್ತವೆ. ಗುರುತು ಬಿದ್ದವನ್ನು ಪ್ರೋಟಿಯಾಸೋಮ್ ಎಂಬ ರಚನೆಯು ಚೂರು ಮಾಡುತ್ತದೆ. ಈ ಗುರುತಿನ ರಹಸ್ಯವನ್ನು ಬಿಡಿಸಿದ ಮೂವರು ವಿಜ್ಞಾನಿಗಳಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಗುರುತು ಹಚ್ಚುವ ಕಾರ್ಯದಲ್ಲಿ ಪಾಲುಳ್ಳ ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಥ್ಯಾಲಿಡೊಮೈಡ್ ಅಂಟಿಕೊಳ್ಳುವುದೆಂದು 2010ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಹಾಗೆ ಅಂಟಿದಾಗ, ಬೇಕಾದ ಪ್ರೋಟೀನುಗಳಿಗೂ ಗುರುತು ಬೀಳುತ್ತದೆ. ಭ್ರೂಣದ ಅಂಗಗಳು ಬೆಳೆಯಲು ಬೇಕಾದ ಪ್ರೋಟೀನು ಹೀಗೆ ನಾಶವಾಗುತ್ತದೆ.

ಇದೇ ವರ್ಗದ ಲೆನಾಲಿಡೊಮೈಡ್, ಅಸ್ಥಿಮಜ್ಜೆಯ ಕ್ಯಾನ್ಸರ್ ಆದ ಮೈಲೋಮಾದಲ್ಲಿ ರೋಗಕೋಶಗಳಿಗೆ ಆಧಾರವಾದ ಇಕಾರೋಸ್, ಐಯೊಲೋಸ್ ಪ್ರೋಟೀನುಗಳನ್ನು ಇದೇ ದಾರಿಯಲ್ಲಿ ಇಲ್ಲವಾಗಿಸುತ್ತದೆ. ಹಲವು ಔಷಧಗಳು ಪ್ರೋಟೀನಿನ ಕೆಲಸವನ್ನು ತಡೆಯುತ್ತವೆ. ಇದು ಪ್ರೋಟೀನನ್ನೇ ತೆಗೆಯುತ್ತದೆ. ಈ ತತ್ತ್ವದ ಮೇಲೆ ಹೊಸ ಕ್ಯಾನ್ಸರ್ ಔಷಧಗಳು ಸಿದ್ಧವಾಗುತ್ತಿವೆ.

ಆದ್ದರಿಂದ ಈ ಔಷಧ ಮನೆಯಲ್ಲಿದ್ದರೆ ಗರ್ಭಿಣಿಯರು ಮುಟ್ಟಬಾರದು; ಉಳಿದುದನ್ನು ಬೇರೆಯವರಿಗೆ ಕೊಡಬಾರದು. ಸೇವಿಸುವ ಪುರುಷರೂ ಗರ್ಭನಿರೋಧದ ವಿಷಯದಲ್ಲಿ ವೈದ್ಯರ ಸೂಚನೆಯನ್ನು ಪಾಲಿಸಬೇಕು. ಕಷಾಯ, ಲೇಹ್ಯಗಳ ಭರವಸೆಯಲ್ಲಿ ಯಾರೂ ಈ ಚಿಕಿತ್ಸೆಯನ್ನು ಬಿಡಬಾರದು. ನಮ್ಮ ಬಳಿ ಬಂದವರಿಗೂ ನಾವು ಇದನ್ನೇ ಹೇಳುತ್ತೇವೆ. ನಮ್ಮ ಔಷಧ ಬೇಕೆನಿಸಿದರೆ, ಕ್ಯಾನ್ಸರ್ ವೈದ್ಯರಿಗೆ ತಿಳಿಸಿಯೇ ಸೇವಿಸಿರಿ.